ಸಹಾಯ ಬೇಕು: ಲಾಡಿ ಇರುವ ಲೇಡೀಸ್ ಟಾಪ್‌ಗೆ ಯಾವ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲು ಯಾವ ವರ್ಗದ್ದು ಅಂತ ಹೇಳುವ ಸಂಖ್ಯೆ)?

ಕಸ್ಟಮ್ಸ್ ಕೆಲಸ ಗೊತ್ತಿರುವವರು ದಯವಿಟ್ಟು ನೋಡಿ. ವಿಯೆಟ್ನಾಂನಿಂದ ನಮ್ಮ ಬೆಂಗಳೂರಿನ ಅಂಗಡಿಗೆ ಹೆಂಗಸರ ನಿಟೆಡ್ ಟಾಪ್ ತರಿಸುತ್ತಿದ್ದೇವೆ. ತೂಕದಲ್ಲಿ 60% ಹತ್ತಿ, 40% ಪಾಲಿಯೆಸ್ಟರ್. ಹತ್ತಿಯೇ ಜಾಸ್ತಿ, ಹಾಗಾಗಿ ಹತ್ತಿ ಉಡುಪು ಅಂತಲೇ ಲೆಕ್ಕ. ಅದರಲ್ಲಿ ಗೊಂದಲ ಇಲ್ಲ. ಕತ್ತಿನ ಹತ್ತಿರ ಮೂರು ಗುಂಡಿ, ಕೆಳಗಿನ ಅಂಚಿನಲ್ಲಿ ಎಳೆದು ಕಟ್ಟುವ ಲಾಡಿ. ತಲೆನೋವು ಇರುವುದೇ ಈ ಲಾಡಿಯಲ್ಲಿ.

ಇನ್‌ವಾಯ್ಸ್‌ನಲ್ಲಿ 6106, ಅಂದರೆ ಬ್ಲೌಸ್ ಅಂತ ಹಾಕಿದ್ದಾರೆ. ಆದರೆ ಕಸ್ಟಮ್ಸ್ ಸುಂಕ ಪಟ್ಟಿಯಲ್ಲಿ ನಿಟೆಡ್ ಉಡುಪುಗಳ 61ನೇ ಅಧ್ಯಾಯದ 4ನೇ ಟಿಪ್ಪಣಿ ಪ್ರಕಾರ ಸೊಂಟದ ಕೆಳಗೆ ಜೇಬಿದ್ದರೆ ಅಥವಾ ಕೆಳ ಅಂಚು ಬಿಗಿ ಮಾಡುವಂತಿದ್ದರೆ ಅದು 6106ಕ್ಕೆ ಬರುವುದಿಲ್ಲ, ಅಲ್ವಾ? ಹಾಗಾದರೆ 6110ಕ್ಕೆ (ಪುಲ್‌ಓವರ್, ಕಾರ್ಡಿಗನ್ ಥರದವು) ಹೋಗುತ್ತದಾ, 6114ಕ್ಕಾ (ಇತರ ನಿಟೆಡ್ ಉಡುಪು)? ನಮ್ಮ ಬ್ರೋಕರ್ "ಎಲ್ಲರೂ 6106 ಅನ್ನೇ ಹಾಕ್ತಾರೆ, ಸುಮ್ನೆ ಹಾಕಿ ಸಾರ್" ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಇಂಥದ್ದೇ ಮಾಲಿಗೆ ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ ಪತ್ರ) ಹಾಕಿದವರು, ಅಡ್ವಾನ್ಸ್ ರೂಲಿಂಗ್ (ಕೋಡ್ ಬಗ್ಗೆ ಮೊದಲೇ ಪಡೆಯುವ ಅಧಿಕೃತ ತೀರ್ಮಾನ) ತೆಗೆದುಕೊಂಡವರು ಯಾರಾದರೂ ಇದ್ದರೆ ತಿಳಿಸಿ.