ಗೋವಾದ ಪೋರ್ಚುಗೀಸ್ ಸಾಮ್ರಾಜ್ಯ ಕುಸಿಯಲು ಶುರುವಾದದ್ದು ನಿಜಕ್ಕೂ ಯಾವಾಗ?

ವಾಸ್ಕೋ_ಮೇಷ್ಟ್ರು ಕೇಳಿದ್ದು:

ಇಲ್ಲಿನ ಕನ್ನಡ ಸಂಘದ ಹೈಸ್ಕೂಲ್ ಮಕ್ಕಳನ್ನು ಹಳೇ ಗೋವಾಕ್ಕೆ ಕರೆದುಕೊಂಡು ಹೋಗುವುದಿದೆ. ಚರ್ಚುಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬಂದರೆ ಪ್ರಯೋಜನವಿಲ್ಲ. ಒಂದು ಸಾಮ್ರಾಜ್ಯ ಹೇಗೆ ದುಡ್ಡು ಮಾಡಿತು, ಆಮೇಲೆ ಹೇಗೆ ಸವೆಯಿತು ಅನ್ನುವುದನ್ನು ಆ ಜಾಗದಲ್ಲೇ ನಿಂತು ಹೇಳಬೇಕು ಅಂತಿದ್ದೇನೆ.

ಪಠ್ಯಪುಸ್ತಕದಲ್ಲಿ ಇರುವುದು ಇಷ್ಟೇ: 1498ರಲ್ಲಿ ವಾಸ್ಕೋ ಡ ಗಾಮ ಬಂದ, 1510ರಲ್ಲಿ ಆಲ್ಬುಕರ್ಕ್ ಗೋವಾ ಗೆದ್ದ, ಮುಂದೆ ಡಚ್ಚರು ಬಂದು ಸೋಲಿಸಿದರು. ಅಷ್ಟು ದೂರದಿಂದ ಬಂದ ಸಣ್ಣ ದೇಶದ ಒಂದಿಷ್ಟು ಜನ ಇಡೀ ಸಮುದ್ರವನ್ನು ಹಿಡಿತದಲ್ಲಿ ಇಟ್ಟುಕೊಂಡದ್ದು ಹೇಗೆ? ಕರ್ತಾಜ್ ಅನ್ನುವ ಪರವಾನಗಿ ಪದ್ಧತಿ ದಿನನಿತ್ಯದ ವ್ಯವಹಾರದಲ್ಲಿ ಹೇಗೆ ನಡೆಯುತ್ತಿತ್ತು? ಕುಸಿತ ಶುರುವಾದ ವರ್ಷ ಅಂತ ಒಂದನ್ನು ಹೇಳಬೇಕಾದರೆ ಯಾವುದನ್ನು ಹೇಳಲಿ? ಬಲ್ಲವರು ವಿವರವಾಗಿ ಬರೆಯಿರಿ.

---

ಕಡತಪ್ರಿಯ, ಪಣಜಿ:

ಮೇಷ್ಟ್ರೇ, ಕರ್ತಾಜ್‌ನಿಂದಲೇ ಶುರು ಮಾಡಿ, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಪೋರ್ಚುಗೀಸರ ಹತ್ತಿರ ನೆಲ ಇರಲಿಲ್ಲ, ಜನವೂ ಇರಲಿಲ್ಲ. ಇದ್ದದ್ದು ಹಡಗಿನ ಮೇಲೆ ಕೂರಿಸಿದ ಫಿರಂಗಿ. 1509ರಲ್ಲಿ ದೀವ್ ಎದುರಿನ ಸಮುದ್ರದಲ್ಲಿ ಈಜಿಪ್ಟ್ ಮತ್ತು ಗುಜರಾತಿನ ಕೂಡು ನೌಕಾಪಡೆಯನ್ನು ಸೋಲಿಸಿದ ಮೇಲೆ ಅವರನ್ನು ಸಮುದ್ರದಲ್ಲಿ ಎದುರಿಸುವವರು ಬಹುಕಾಲ ಯಾರೂ ಉಳಿಯಲಿಲ್ಲ. ಇಡೀ ಸಮುದ್ರ ಕಾಯುವುದು ಆಗದ ಮಾತು. ಹಾಗಾಗಿ ಹಡಗುಗಳು ತಪ್ಪಿಸಿಕೊಳ್ಳಲಾಗದ ಬಾಗಿಲುಗಳನ್ನೇ ಹಿಡಿದರು. 1510ರಲ್ಲಿ ಗೋವಾ, 1511ರಲ್ಲಿ ಮಲಯ ಜಲಸಂಧಿಯ ಮಲಾಕ್ಕಾ, 1515ರಲ್ಲಿ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್. ಕೆಂಪು ಸಮುದ್ರದ ಬಾಗಿಲಾದ ಏಡನ್ ಮೇಲೆ 1513ರಲ್ಲಿ ಏರಿ ಹೋದ ಆಲ್ಬುಕರ್ಕ್ ಬರಿಗೈಯಲ್ಲಿ ಮರಳಿದ. ಈ ಸೋಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಪದ್ಧತಿ. ಗುಜರಾತಿನ ಒಬ್ಬ ವ್ಯಾಪಾರಿ ಹೊರ್ಮುಜ್‌ಗೆ ಬಟ್ಟೆ ಕಳಿಸಬೇಕು ಅಂದುಕೊಳ್ಳಿ. ಅವನ ನಾಖೋದ (ಹಡಗಿನ ಮುಖ್ಯಸ್ಥ) ಹತ್ತಿರದ ಪೋರ್ಚುಗೀಸ್ ಕೋಟೆಗೆ ಹೋಗಿ ಕಪ್ತಾನನಿಂದ ಕರ್ತಾಜ್ ಬರೆಸಿಕೊಳ್ಳಬೇಕು. ಹಡಗಿನ ಹೆಸರು, ಗಾತ್ರ, ಮಾಲೀಕ ಯಾರು, ನಾಖೋದ ಯಾರು, ಎಷ್ಟು ಆಯುಧ, ಯಾವ ಬಂದರಿನಿಂದ ಯಾವ ಬಂದರಿಗೆ, ಎಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು. ಕಾಳುಮೆಣಸು, ಕುದುರೆ, ಆಯುಧ ಸಾಗಿಸಬಾರದು ಅನ್ನುವ ಷರತ್ತೂ ಇರುತ್ತಿತ್ತು. ಬರೆಸುವ ಶುಲ್ಕ ತೀರ ಅಲ್ಪ. ಆದಾಯ ಬರುತ್ತಿದ್ದದ್ದು ಅದರಿಂದಲ್ಲ, ಹೋಗುವಾಗಲೋ ಬರುವಾಗಲೋ ಪೋರ್ಚುಗೀಸ್ ಬಂದರಿಗೆ ಬಂದು ಸುಂಕ ಕಟ್ಟಿಯೇ ಮುಂದೆ ಹೋಗಬೇಕು ಅನ್ನುವ ಕಟ್ಟಳೆಯಿಂದ. ಹೆದ್ದಾರಿಯ ಟೋಲ್ ನಾಕಾ ಇದ್ದ ಹಾಗೆ, ಆದರೆ ರಸ್ತೆ ಹಾಕಿದವರು ಇವರಲ್ಲ. ಆ ದಾರಿಗಳಲ್ಲಿ ಅರಬರು, ಗುಜರಾತಿಗಳು, ಮಲಬಾರಿಗಳು ಶತಮಾನಗಳಿಂದ ಓಡಾಡುತ್ತಿದ್ದರು. ಮಧ್ಯ ಸಮುದ್ರದಲ್ಲಿ ಗಸ್ತಿನ ದೋಣಿ ಅಡ್ಡಗಟ್ಟಿದಾಗ ಕಾಗದ ಇಲ್ಲದಿದ್ದರೆ, ಅಥವಾ ಕಾಗದಕ್ಕೂ ಸರಕಿಗೂ ತಾಳೆಯಾಗದಿದ್ದರೆ, ಹಡಗು ಸಮೇತ ಜಪ್ತಿ.

ಮೊಗಲರೂ ಇದಕ್ಕೆ ತಲೆಬಾಗಿದ್ದರು. ಅಕ್ಬರನ ಕಾಲದ ಹಜ್ ಹಡಗುಗಳು ಸಹ ಕರ್ತಾಜ್ ಪಡೆದೇ ಹೋಗುತ್ತಿದ್ದವು. ಆ ಕಾಗದದಲ್ಲಿ ಮೇರಿ ಮತ್ತು ಯೇಸುವಿನ ಚಿತ್ರ ಇರುತ್ತದೆ, ಹೀಗಿರುವಾಗ ಹಜ್ ಕಡ್ಡಾಯವಲ್ಲ ಎಂದು ಒಬ್ಬ ದೊಡ್ಡ ಮೌಲ್ವಿ ಫತ್ವಾ ಕೊಟ್ಟದ್ದನ್ನು ಅಕ್ಬರನ ಆಸ್ಥಾನದ ಇತಿಹಾಸಕಾರ ಬದಾಯೂನಿ ದಾಖಲಿಸಿದ್ದಾನೆ.

ಕೆಟ್ಟದ್ದು ಎಲ್ಲಿ? ಎರಡು ಕಡೆ. ಕೋಟೆಯ ಕಪ್ತಾನಗಿರಿ ಸಾಮಾನ್ಯವಾಗಿ ಮೂರು ವರ್ಷದ್ದು, ಬರುಬರುತ್ತಾ ಅದು ಹಣಕ್ಕೂ ಸಿಗತೊಡಗಿತು. ಕೊಟ್ಟ ಹಣವನ್ನು ಮೂರು ವರ್ಷದಲ್ಲೇ ಎತ್ತಬೇಕಾದವನು ಸ್ವಂತ ವ್ಯಾಪಾರ ಮಾಡುತ್ತಾನೆ, ನಿಷೇಧಿತ ಸರಕಿಗೆ ಕಣ್ಣು ಮುಚ್ಚುತ್ತಾನೆ, ದೊರೆಯ ಬೊಕ್ಕಸಕ್ಕೆ ಸೇರಬೇಕಾದ್ದು ಅವನ ಜೇಬಿಗೆ ಇಳಿಯುತ್ತದೆ. ಎರಡನೆಯದು ಆಗ ಹೇಳಿದ ಏಡನ್. ಆ ಬಾಗಿಲು ತೆರೆದೇ ಉಳಿದದ್ದರಿಂದ ಸುಮಾತ್ರದ ಆಚೆಹ್‌ನಿಂದ ಮೆಣಸು ನೇರ ಕೆಂಪು ಸಮುದ್ರಕ್ಕೆ, ಅಲ್ಲಿಂದ ಅಲೆಕ್ಸಾಂಡ್ರಿಯಾ, ವೆನಿಸ್‌ಗೆ ಹರಿಯತೊಡಗಿತು. 1560ರ ಹೊತ್ತಿಗೆ ಹಳೆಯ ದಾರಿ ಮತ್ತೆ ತುಂಬಿತ್ತು. ಡಚ್ಚರು ಇತ್ತ ತಲೆ ಹಾಕುವುದಕ್ಕೂ ಸುಮಾರು 40 ವರ್ಷ ಮುಂಚಿನ ಮಾತು ಇದು.

---

ಹಂಪಿ_ಕಡೆಯವ:

ಪಣಜಿಯವರು ಸಮುದ್ರದ ಕಡೆಯಿಂದ ಹೇಳಿದರು. ನೆಲದ ಕಡೆಯಿಂದ ನೋಡಿದರೆ ಉತ್ತರ ಒಂದೇ, 1565ರ ಜನವರಿ 23, ತಾಳಿಕೋಟೆ.

ಗೋವಾ ಬಂದರು ಪೋರ್ಚುಗೀಸರಿಗಿಂತ ಮೊದಲೇ ಯಾಕೆ ಅಷ್ಟು ಬೆಲೆಬಾಳುತ್ತಿತ್ತು? ಕುದುರೆ. ದಕ್ಷಿಣದ ಹವೆಗೆ, ಇಲ್ಲಿನ ಮೇವಿಗೆ ಒಳ್ಳೆಯ ಯುದ್ಧದ ಕುದುರೆ ಸರಿಯಾಗಿ ಮರಿ ಹಾಕಿ ಬೆಳೆಯುವುದಿಲ್ಲ, ಬಂದವೂ ಬೇಗ ಸಾಯುತ್ತವೆ. ಹಾಗಾಗಿ ಅರಬ್‌ಸ್ತಾನ, ಪರ್ಷಿಯಾ ಕಡೆಯಿಂದ ಪ್ರತಿವರ್ಷ ತರಿಸಲೇಬೇಕು. ವಿಜಯನಗರಕ್ಕೂ ಬಿಜಾಪುರಕ್ಕೂ ಸೈನ್ಯ ನಿಂತದ್ದೇ ಇದರ ಮೇಲೆ. ಕೃಷ್ಣದೇವರಾಯ ಹೊರ್ಮುಜ್‌ನವು ಮತ್ತು ನಾಡತಳಿಯವು ಸೇರಿ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆಯುತ್ತಾನೆ. ಸಾಳುವ ನರಸಿಂಹನ ಬಗ್ಗೆ ಅವನೇ ಹೇಳುವ ಇನ್ನೊಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳಿ: ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಗೆ ಕೊಡುವ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರಿಯ ನಷ್ಟವನ್ನು ರಾಜನೇ ಹೊತ್ತುಕೊಂಡರೆ ಮಾತ್ರ ಮುಂದಿನ ವರ್ಷವೂ ಹಡಗು ಬರುತ್ತದೆ!

ಆಲ್ಬುಕರ್ಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಭಟ್ಕಳಕ್ಕೆ ಹೋಗುತ್ತಿದ್ದ ಕುದುರೆ ಹಡಗುಗಳನ್ನು ಬಲವಂತವಾಗಿ ಗೋವಾಕ್ಕೆ ತಿರುಗಿಸಿದ, ಭಟ್ಕಳ ಸೊರಗಿತು. ಗೋವಾದಲ್ಲಿ ಒಂದು ಕುದುರೆಗೆ ಸುಮಾರು 40 ಪರ್ದಾವ್ (ಆಗಿನ ನಾಣ್ಯ) ಸುಂಕ. ಕುದುರೆ ತಂದ ಹಡಗಿನ ಉಳಿದ ಸರಕಿಗೆ ವಿನಾಯಿತಿ ಕೊಟ್ಟು ಇನ್ನಷ್ಟು ಹಡಗುಗಳನ್ನು ಸೆಳೆದರು. 1547ರಲ್ಲಿ ಸದಾಶಿವರಾಯನ ಜೊತೆ ಒಪ್ಪಂದವಾಯಿತು: ಗೋವಾಕ್ಕೆ ಬಂದ ಕುದುರೆಗಳು ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಇದಾದ 18 ವರ್ಷಕ್ಕೆ ಕೊಳ್ಳುವ ರಾಜಧಾನಿಯೇ ಹಾಳು ಬಿತ್ತು. 1570ರಲ್ಲಿ ಆದಿಲಶಾಹ ಗೋವಾಕ್ಕೆ ಮುತ್ತಿಗೆ ಹಾಕಿದಾಗ ಅವನನ್ನು ಬೆನ್ನ ಹಿಂದಿನಿಂದ ಕಟ್ಟಿಹಾಕಬಲ್ಲ ವಿಜಯನಗರ ಇರಲಿಲ್ಲ. ಮುತ್ತಿಗೆ ಮುರಿಯಿತು ನಿಜ, ಆದರೆ ಆ ಲಾಭದ ಕಾಲ ಮತ್ತೆ ಬರಲಿಲ್ಲ.

---

ಗಂಗೊಳ್ಳಿ_ಟು_ಅಂಧೇರಿ:

ಕುದುರೆ ಸರಿ ಮಾರಾಯ್ರೆ, ಊಟದ ವಿಷಯ ಯಾರೂ ಎತ್ತಲೇ ಇಲ್ಲವಲ್ಲ. ಗೋವಾ ದ್ವೀಪದಲ್ಲಿ ಬೆಳೆದ ಭತ್ತ ಆ ನಗರಕ್ಕೆ ಸಾಲುತ್ತಿರಲಿಲ್ಲ. ಅಕ್ಕಿ ಹೋಗುತ್ತಿದ್ದದ್ದು ನಮ್ಮ ಕರಾವಳಿಯಿಂದ: ಬಸರೂರು, ಮಂಗಳೂರು, ಹೊನ್ನಾವರ. ಅಕ್ಕಿ ತುಂಬಿದ ದೋಣಿಗಳು ಒಂಟಿಯಾಗಿ ಹೋದರೆ ಕಲ್ಲಿಕೋಟೆ ದೊರೆಯ ನೌಕಾ ನಾಯಕರಾದ ಮಲಬಾರಿನ ಕುಂಞಾಲಿಗಳ ಕೈಗೆ ಸಿಗುತ್ತಿದ್ದವು. ಅದಕ್ಕೇ ಅವುಗಳನ್ನು ಗುಂಪುಗೂಡಿಸಿ, ಯುದ್ಧದ ದೋಣಿಗಳ ಕಾವಲಿನಲ್ಲಿ ಸಾಗಿಸುತ್ತಿದ್ದರು. ಇದಕ್ಕೆ ಕಾಫಿಲಾ ಅನ್ನುತ್ತಿದ್ದರು. ಮಳೆಗಾಲಕ್ಕೆ ಮುಂಚಿನ ಕೊನೆಯ ಕಾಫಿಲಾ ತಪ್ಪಿದರೆ ಮುಗಿಯಿತು. ಜೂನ್‌ನಿಂದ ಮಾಂಡವಿ ನದಿಯ ಅಳಿವೆಯಲ್ಲಿ ಮರಳ ದಿಬ್ಬ ಕಟ್ಟಿ ಬಾಯಿ ಮುಚ್ಚುತ್ತದೆ, ಮುಂದಿನ ಮೂರು ತಿಂಗಳು ಉಗ್ರಾಣದಲ್ಲಿ ಇದ್ದದ್ದೇ ಗತಿ.

1568-69ರಲ್ಲಿ ಈ ಮೂರೂ ಕಡೆ ಪೋರ್ಚುಗೀಸರು ಕೋಟೆ ಹಿಡಿದದ್ದು ಅಕ್ಕಿ ಮತ್ತು ಮೆಣಸು ಎರಡಕ್ಕಾಗಿಯೂ. ತಾಳಿಕೋಟೆಯಲ್ಲಿ ವಿಜಯನಗರ ಬಿದ್ದದ್ದರಿಂದಲೇ ಇದು ಸಾಧ್ಯವಾದದ್ದು. ಅಂದರೆ ಆ ಯುದ್ಧದಿಂದ ಅವರಿಗೆ ನಷ್ಟವೇ ಆಯಿತು ಅನ್ನುವುದು ಅರ್ಧ ಮಾತ್ರ ಸರಿ. ಆ ಕೋಟೆಗಳನ್ನು ಕಿತ್ತುಕೊಂಡವನು ಕೆಳದಿಯ ಶಿವಪ್ಪ ನಾಯಕ, 1650ರ ದಶಕದ ಮೊದಲ ವರ್ಷಗಳಲ್ಲಿ. ಅದೇ ಹೊತ್ತಿಗೆ ಡಚ್ಚರು ಸಿಂಹಳದಲ್ಲಿ ಒತ್ತುತ್ತಿದ್ದರು, ಎರಡೂ ಕಡೆ ಸೈನ್ಯ ಕಳಿಸುವ ತಾಕತ್ತು ಗೋವಾಕ್ಕೆ ಇರಲಿಲ್ಲ. ಆದರೆ ಅಕ್ಕಿ ಬೇಕಲ್ಲ! 1678ರಲ್ಲಿ, ರಾಣಿ ಚೆನ್ನಮ್ಮನ ಕಾಲದಲ್ಲಿ, ಮಂಗಳೂರಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಇಟ್ಟುಕೊಳ್ಳಲು ಕೆಳದಿಯ ಜೊತೆ ಒಪ್ಪಂದ ಮಾಡಿಕೊಂಡರು. ನೂರು ವರ್ಷದ ಹಿಂದೆ ಫಿರಂಗಿ ಹಾರಿಸಿ ನುಗ್ಗಿದ ಊರಿಗೆ ಈಗ ಅನುಮತಿ ಕೇಳಿ ಬಂದರು. ಕನ್ನಡದ ಮಕ್ಕಳಿಗೆ ಈ ಭಾಗ ಹೇಳದೆ ಬಿಡಬೇಡಿ.

ಮುಂಬೈಯದ್ದು ಎರಡೇ ಸಾಲು: 1661ರ ಮದುವೆ ಒಪ್ಪಂದದಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿ ಕೊಟ್ಟರು, 1668ರಲ್ಲಿ ಅವನು ವರ್ಷಕ್ಕೆ 10 ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ.

---

ವಾಸ್ಕೋ_ಮೇಷ್ಟ್ರು:

ತುಂಬಾ ಉಪಕಾರವಾಯಿತು. ಆದರೆ ಈಗ 1560, 1565, 1650 ಅಂತ ಮೂರು ಉತ್ತರ ಬಂದವು. ಡಚ್ಚರ ಪಾತ್ರ ಹಾಗಾದರೆ ಏನೂ ಇಲ್ಲವೇ? ಮರಾಠರು ಎಲ್ಲಿ ಬರುತ್ತಾರೆ?

---

ಕಡತಪ್ರಿಯ, ಪಣಜಿ:

ಪಾತ್ರ ಇದೆ, ದೊಡ್ಡದೇ ಇದೆ. 1602ರಲ್ಲಿ ಕಟ್ಟಿದ ಡಚ್ ಕಂಪನಿಯ ಮೂಲ ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಅದು ಒಂದು ಪ್ರಯಾಣ ಮುಗಿದ ಕೂಡಲೇ ಹಂಚಿಹೋಗುವ ಹಣ ಅಲ್ಲ, ಕಂಪನಿಯಲ್ಲೇ ನಿಲ್ಲುವ ಹಣ. 1611ರಿಂದ ಅವರ ನಾವಿಕರು ಆಫ್ರಿಕಾದ ತುದಿ ದಾಟಿ, ದಕ್ಷಿಣದ ಬಲವಾದ ಪಶ್ಚಿಮ ಗಾಳಿ ಹಿಡಿದು ನೇರ ಜಾವಾಕ್ಕೆ ಹೋಗುವ ದಾರಿ ಕಂಡುಕೊಂಡರು. ಗೋವಾ ಕಾಯುತ್ತಿದ್ದ ಬಾಗಿಲುಗಳ ಹತ್ತಿರಕ್ಕೂ ಅವರು ಬರಬೇಕಾಗಿರಲಿಲ್ಲ. ಲಿಸ್ಬನ್ ಹಡಗುಗಳು ಮಾರ್ಚ್-ಏಪ್ರಿಲ್‌ನಲ್ಲಿ ಹೊರಟರೆ ಸೆಪ್ಟೆಂಬರ್-ಅಕ್ಟೋಬರ್‌ಗೆ ಗೋವಾ ಸೇರಬೇಕು, ಡಿಸೆಂಬರ್-ಜನವರಿಗೆ ತಿರುಗಿ ಹೊರಡಬೇಕು. ಹೊರಡುವುದು ತಡವಾದರೆ ಗಾಳಿ ತಪ್ಪಿ ಒಂದು ವರ್ಷವೇ ಹಾಳು. 1630ರ ದಶಕದ ಕೊನೆಯಿಂದ ಡಚ್ಚರು ಇದೇ ಲೆಕ್ಕ ಹಿಡಿದು, ಸರಿಯಾಗಿ ಆ ತಿಂಗಳುಗಳಲ್ಲೇ ಮಾಂಡವಿಯ ಬಾಯಿಗೆ ಬಂದು ನಿಲ್ಲುತ್ತಿದ್ದರು. ನಗರ ಗೆಲ್ಲುವ ಅಗತ್ಯವೇ ಅವರಿಗಿರಲಿಲ್ಲ. 1641ರಲ್ಲಿ ಮಲಾಕ್ಕಾ, 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿ ಹೋದವು.

ಆದರೂ ವರ್ಷ ಒಂದೇ ಹೇಳಿ ಅಂದರೆ ನಾನು 1622 ಅನ್ನುತ್ತೇನೆ. ಆ ವರ್ಷ ಪರ್ಷಿಯಾದ ಷಾ ಅಬ್ಬಾಸ್ ಇಂಗ್ಲಿಷ್ ಹಡಗುಗಳ ನೆರವಿನಿಂದ ಹೊರ್ಮುಜ್ ಕಿತ್ತುಕೊಂಡ. ಅಲ್ಲಿನ ಸುಂಕ ಗೋವಾ ಸರ್ಕಾರದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಅದಕ್ಕೆ ಮೊದಲೇ, 1613ರಲ್ಲಿ, ಜಹಾಂಗೀರನ ತಾಯಿಗೆ ಸೇರಿದ ರಹೀಮಿ ಹಡಗನ್ನು ಕರ್ತಾಜ್ ಇದ್ದರೂ ಪೋರ್ಚುಗೀಸರು ಹಿಡಿದಿದ್ದರು. ಜಹಾಂಗೀರ್ ಅವರ ವ್ಯಾಪಾರ ನಿಲ್ಲಿಸಿ ದಮನ್‌ಗೆ ಸೈನ್ಯ ಕಳಿಸಿದ, ಅದೇ ಸಮಯಕ್ಕೆ ಸೂರತ್‌ನಲ್ಲಿ ಇಂಗ್ಲಿಷರು ಕಾಲೂರಿದರು. ಸುಂಕ ಕಟ್ಟಿ ಪಡೆದ ರಕ್ಷಣೆ ರಕ್ಷಣೆಯೇ ಅಲ್ಲ ಅಂತ ವ್ಯಾಪಾರಿಗೆ ಅನ್ನಿಸಿದ ಮೇಲೆ ಅವನು ಇನ್ನೊಬ್ಬರ ಹತ್ತಿರ ಹೋಗುತ್ತಾನೆ. ಹೋಗಲು ಆಗ ಇನ್ನೊಬ್ಬರು ಇದ್ದರು, 1560ರಲ್ಲಿ ಇರಲಿಲ್ಲ.

---

ಸದಾಶಿವಪೇಟೆ_ಪುಣೆ:

ಮರಾಠರ ಪ್ರಶ್ನೆಗೆ ಉತ್ತರವೂ ಪರವಾನಗಿಯಲ್ಲೇ ಇದೆ. ಕೊಂಕಣ ತೀರದಲ್ಲಿ ಮರಾಠರ ನೌಕಾ ನಾಯಕ ಕಾನ್ಹೋಜಿ ಆಂಗ್ರೆ ತನ್ನದೇ ದಸ್ತಕ್ (ಪರವಾನಗಿ ಚೀಟಿ) ಕೊಡತೊಡಗಿದ; ಅದಿಲ್ಲದ ಹಡಗನ್ನು ಹಿಡಿಯುತ್ತಿದ್ದ. ಇಂಗ್ಲಿಷರು, ಪೋರ್ಚುಗೀಸರು ಅವನನ್ನು ಕಡಲ್ಗಳ್ಳ ಅಂದರು, ಆದರೆ ಅವನು ಮಾಡಿದ್ದು 200 ವರ್ಷ ಇದೇ ತೀರದಲ್ಲಿ ಕಾನೂನು ಅಂತ ನಡೆದದ್ದನ್ನೇ. 1739ರ ಮೇ ತಿಂಗಳಲ್ಲಿ ಪೇಶ್ವೆ ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಮುಂಬೈ ಬಳಿಯ ವಸಯಿ ಗೆದ್ದ. ಅಲ್ಲಿಗೆ ಪೋರ್ಚುಗೀಸರ ಉತ್ತರ ಪ್ರಾಂತ್ಯದ ಬಹುಪಾಲು ಹೋಯಿತು, ದಮನ್ ಮತ್ತು ದೀವ್ ಮಾತ್ರ ಉಳಿದವು.

ಮಕ್ಕಳಿಗೆ ನಕ್ಷೆ ತೋರಿಸುವುದಾದರೆ ಒಂದು ಎಚ್ಚರಿಕೆ. ಫೋಂಡಾ, ಡಿಚೋಲಿ, ಪೆಡಣೆ, ಕಾಣಕೋಣ ಗೋವಾಕ್ಕೆ ಸೇರಿದ್ದು 18ನೇ ಶತಮಾನದಲ್ಲಿ, ಅಂದರೆ ವ್ಯಾಪಾರ ಸತ್ತ ಮೇಲೆ. ನೆಲ ಹಿಗ್ಗಿತು ಅಂದಮಾತ್ರಕ್ಕೆ ಸಾಮ್ರಾಜ್ಯ ಬಲವಾಗಿತ್ತು ಅಂತ ಅವರು ತಿಳಿಯಬಾರದು. ಸಮುದ್ರದ ಆದಾಯ ನಿಂತಾಗಲೇ ಅವರು ಹೊಲಗದ್ದೆಯ ಕಂದಾಯದ ಕಡೆ ತಿರುಗಿದ್ದು.

---

ಕಡತಪ್ರಿಯ, ಪಣಜಿ:

ಇದು ಒಳ್ಳೆಯ ಮಾತು. ಇನ್ನು ದಾರಿ ಹೇಳಿಬಿಡುತ್ತೇನೆ ಮೇಷ್ಟ್ರೇ.

ಪಣಜಿಯಿಂದ ಬೈಪಾಸ್ ಬೇಡ, ರಾಯ್‌ಬಂದರ್ ಮೇಲಿನ ಹಳೆಯ ದಾರಿಯಲ್ಲಿ ಹೋಗಿ. ಪಣಜಿಗೂ ರಾಯ್‌ಬಂದರ್‌ಗೂ ನಡುವಿನ ಉದ್ದನೆಯ ಕಲ್ಲಿನ ಸೇತುವೆ 1630ರ ದಶಕದ್ದು. ಹಳೇ ಗೋವಾದಲ್ಲಿ ಚರ್ಚಿನಿಂದ ಶುರು ಮಾಡಬೇಡಿ, ನೇರ ನದಿ ದಂಡೆಗೆ, ದೀವಾಡಿ ಫೆರಿ ಕಟ್ಟೆಗೆ ಹೋಗಿ. ನಗರದ ಮುಂಬಾಗಿಲು ಅದು. ಕರ್ತಾಜ್, ಕುದುರೆ, ಅಕ್ಕಿಯ ಕಾಫಿಲಾ ಮೂರನ್ನೂ ಅಲ್ಲೇ ಹೇಳಿ. ಎದುರಿಗೇ ವೈಸರಾಯ್ ಕಮಾನು, ವಾಸ್ಕೋ ಡ ಗಾಮನ ಮರಿಮಗ ವೈಸರಾಯ್ ಆಗಿದ್ದಾಗ 1590ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು. ಅಲ್ಲಿಂದ ಸೇಂಟ್ ಕಜೆತಾನ್ ಚರ್ಚಿನ ಬಳಿ ಉಳಿದಿರುವ ಆದಿಲಶಾಹಿ ಅರಮನೆಯ ಬಾಗಿಲಿಗೆ ಬನ್ನಿ. ಪೋರ್ಚುಗೀಸರಿಗೂ ಮುಂಚೆ ಇದು ಬಂದರು ನಗರವಾಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಗೆ ಗುಡ್ಡದ ಮೇಲಿನ ಸೇಂಟ್ ಆಗಸ್ಟೀನ್ ಗೋಪುರ. ಮೇಲೆ ನಿಂತು ಇನ್ನೊಂದು ಕಾರಣ ಹೇಳಿ: ಕಾಯಿಲೆ. ಜಂಬಿಟ್ಟಿಗೆ ನೆಲ ನೀರನ್ನು ಸಲೀಸಾಗಿ ಹೀರುತ್ತದೆ, ಜನ ದಟ್ಟವಾದಂತೆ ಹೊಲಸು ಬಾವಿಗೆ ಇಳಿಯಿತು. ಕಾಲರಾ, ಮಲೇರಿಯಾ ಮೇಲಿಂದ ಮೇಲೆ ಬಂದವು, ಜನ ಊರು ಬಿಟ್ಟರು. 1695ರಲ್ಲಿ ವೈಸರಾಯ್ ಪಕ್ಕದ ಪಣೇಲಿಗೆ ಹೋದ, 1759ರಲ್ಲಿ ಪಣಜಿಗೆ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿ ಆಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಈ ಚರ್ಚಿನ ಮಾಳಿಗೆ ಕುಸಿದಿತ್ತು.

ಮ್ಯೂಸಿಯಂ ಶುಕ್ರವಾರ ರಜೆ ಇರುತ್ತದೆ, ದಿನ ಗೊತ್ತು ಮಾಡುವ ಮೊದಲು ವಿಚಾರಿಸಿಕೊಳ್ಳಿ. ಮಕ್ಕಳಿಗೆ ಕುಡಿಯುವ ನೀರು ಕೈಯಲ್ಲೇ ಇರಲಿ, ಗುಡ್ಡದ ಕಡೆ ನೆರಳು ಕಡಿಮೆ.