ಸಹಾಯ ಬೇಕು: ಶಿಕ್ಷಕರ ಆರೋಗ್ಯ ತರಬೇತಿಯಲ್ಲಿ ಅಭ್ಯಾಸ ಪಾಠ ಕೈಕೊಡ್ತಿದೆ

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳ 40 ಶಿಕ್ಷಕರಿಗೆ ಒಂದು ದಿನದ ತರಬೇತಿ. ಒಬ್ಬೊಬ್ಬರಿಗೆ 10 ನಿಮಿಷ ಅಭ್ಯಾಸ ಪಾಠ (ಸಹೋದ್ಯೋಗಿಗಳ ಮುಂದೆ ಪಾಠ ಮಾಡಿ ತೋರಿಸೋದು) ಅಂದ್ರೂ 400 ನಿಮಿಷ, ಆಗೋ ಮಾತಲ್ಲ. ಅದಕ್ಕೇ ಐದೈದು ಜನರ 8 ಗುಂಪು ಮಾಡಿ, ಪಾಠಕ್ಕೆ 10, ಚರ್ಚೆಗೆ 5 ಅಂತ 75 ನಿಮಿಷಕ್ಕೆ ಇಳಿಸಿದ್ವಿ. ಆದ್ರೆ ತರಬೇತುದಾರರು ಇಬ್ಬರೇ. ಉಳಿದ ಗುಂಪುಗಳಲ್ಲಿ ‘ಚೆನ್ನಾಗಿತ್ತು ಮೇಡಂ’ ಅಂದು ಕಾಫಿಗೆ ಎದ್ದುಬಿಡ್ತಾರೆ.

ರಕ್ತಹೀನತೆ ತಡೆಯೋಕೆ ಮಕ್ಕಳಿಗೆ ವಾರಕ್ಕೊಮ್ಮೆ ಕೊಡೋ ನೀಲಿ ಕಬ್ಬಿಣಾಂಶದ ಮಾತ್ರೆ ಪಾಠವನ್ನೇ ನೋಡಿ. 60 ಮಿ.ಗ್ರಾಂ. ಅಂತ ಬೋರ್ಡ್ ಮೇಲೆ ಬರೀತಾರೆ. ಯಾರಾದ್ರೂ ‘ಮಲ ಕಪ್ಪಗಾಗುತ್ತೆ ಸಾರ್’ ಅಂದ್ರೆ ತಡಬಡಾಯಿಸ್ತಾರೆ. ಕಪ್ಪಾಗೋದು ಸಹಜ, ಹೊಟ್ಟೆ ತೊಳಸದಿರಲು ಊಟ ಆದಮೇಲೆ ನುಂಗಿ, ಇಷ್ಟೇ ಉತ್ತರ! ಪಾಠ ನೋಡೋರಿಗೆ ಗಮನಿಸೋಕೆ 12 ಅಂಶದ ಪಟ್ಟಿ ಕೊಟ್ವಿ, ಎಲ್ಲಕ್ಕೂ ಟಿಕ್.

ಸಹೋದ್ಯೋಗಿಯ ತಪ್ಪನ್ನ ದಾಕ್ಷಿಣ್ಯ ಇಲ್ಲದೆ ಬರೆಸೋಕೆ ವೀಕ್ಷಣಾ ಹಾಳೆಯಲ್ಲಿ ಯಾವ ಮೂರು ಪ್ರಶ್ನೆ ಇಡಬೇಕು?