ಅಪ್‌ಡೇಟ್: ಇಸ್ತಾಂಬುಲ್‌ನಲ್ಲಿ ರಂಜಾನ್ ಹಬ್ಬ ಮುಗಿಸ್ಕೊಂಡ್ ಬಂದ್ವಿ

ಹೋದ ತಿಂಗಳು ಕೇಳಿದ್ನಲ್ಲ, ಹಬ್ಬದ ದಿನ ಅಲ್ಲೇ ಇರ್ತೀವಿ, ಎಲ್ಲಾ ಬಂದ್ ಇರುತ್ತಾ, ಯಾರಾದ್ರೂ ಮನೆಗೆ ಕರೆದ್ರೆ ಏನ್ ತಗೊಂಡ್ ಹೋಗೋದು ಅಂತ. ಮೊನ್ನೆ ಚಿಕ್ಕಮಗಳೂರಿಗೆ ವಾಪಸ್ ಬಂದ್ವಿ.

ಅಲ್ಲಿನ ದೊಡ್ಡ ಹಳೇ ಮಾರ್ಕೆಟ್ಟು ಗ್ರ್ಯಾಂಡ್ ಬಜಾರ್ ಹಬ್ಬದ ಮೂರೂ ದಿನ ಬಂದ್, ಮೊದ್ಲೇ ಹೇಳಿದವರಿಗೆ ಥ್ಯಾಂಕ್ಸ್. ಊಟಕ್ಕೆ ಸ್ಟಾಕ್ ಮಾಡ್ಕೊಳ್ಳಿ ಅಂದಿದ್ದು ಮಾತ್ರ ಬೇಕಾಗ್ಲಿಲ್ಲ, ಹೋಟ್ಲು ತೆಗೆದಿತ್ತು, ಮೆಟ್ರೋ ಟ್ರಾಮ್ ಫ್ರೀ.

ನಮ್ಮೂರ ಕಾಫಿಪುಡಿ ಕೊಡಿ ಅನ್ನೋ ಐಡಿಯಾ ವರ್ಕ್ ಆಗ್ಲಿಲ್ಲ. ಅವರದ್ದು ಹಿಟ್ಟಿನಷ್ಟು ನುಣ್ಣಗಿರೋ ಪುಡಿ, ಸೋಸೋದೇ ಇಲ್ಲ, ನಮ್ ಫಿಲ್ಟರ್ ಪುಡಿ ತರಿ ತರಿ, ಮೇಲೆ ಚಿಕೋರಿ ಬೇರೆ.

ಕೈ ಹಿಡಿದಿದ್ದು 'ಸ್ವೀಟ್ ತಗೊಂಡ್ ಹೋಗಿ, ಇಯಿ ಬೈರಾಮ್ಲಾರ್ (ಹಬ್ಬದ ಶುಭಾಶಯ) ಅನ್ನಿ ಸಾಕು' ಅಂದ ಸಲಹೆ. ನಾವು ಉಳ್ಕೊಂಡಿದ್ದ ಕಡೆ ಮೇಲಿನ ಮನೆ ಅಜ್ಜಿ ಬಾಗಿಲು ತೆಗೆದವ್ರೇ ಫಸ್ಟು ನಮ್ ಅಂಗೈಗೆ ನಿಂಬೆ ವಾಸನೆ ಕೊಲೋನ್ (ಸೆಂಟಿನ ನೀರು) ಸುರಿದ್ರು, ಆಮೇಲೆ ಚಾಕ್ಲೇಟ್ ತಟ್ಟೆ, ಮನೆಗೆ ಬಂದವರಿಗೆಲ್ಲಾ ಅಲ್ಲಿ ಹಂಗೇನೇ ಅಂತೆ. ಮೊಮ್ಮಕ್ಕಳು ಬಂದು ಅಜ್ಜಿ ಕೈಗೆ ಮುತ್ತಿಟ್ಟು ಅದನ್ನೇ ಹಣೆಗೆ ಒತ್ಕೊಂಡ್ರು, ನಾವು ಹಬ್ಬಕ್ಕೆ ದೊಡ್ಡೋರ ಕಾಲಿಗೆ ಬೀಳ್ತೀವಲ್ಲ ಹಂಗೆ, ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು, ಅಲ್ಲಿ ಹಬ್ಬದ ತಾರೀಖು ಮೊದ್ಲೇ ಲೆಕ್ಕ ಹಾಕಿ ಫಿಕ್ಸ್ ಮಾಡ್ತಾರೆ, ಈ ಸಲ 2025 ಮಾರ್ಚ್ 30, ನಮ್ಮಲ್ಲಿ 31. ಆ 30ನೇ ತಾರೀಖೇ ನಮ್ ಯುಗಾದಿ! ಊರಿಂದ ಒಯ್ದಿದ್ದ ಬೇವಿನ ಹೂವು ಬೆಲ್ಲ ಅಜ್ಜಿಗೂ ಕೊಟ್ವಿ, ಮುಖ ಕಿವುಚಿದ್ರು, ಆದ್ರೂ ಪೂರ್ತಿ ತಿಂದ್ರು.